ದಯವಿಟ್ಟು ಲೈನಿನಲ್ಲೇ ಇರಿ

ಬಸ್ ಡಿಪೋಗೆ ಹೊಸದಾಗಿ ಬಂದ ಧ್ವನಿಪೆಟ್ಟಿಗೆಯ ವಿಶೇಷವೆಂದರೆ ಅದರೊಳಗೆ ಒಂದೇ ಒಂದು ಸದ್ದು ಹಿಡಿಸುತ್ತಿತ್ತು. ಒಮ್ಮೆ ಒಳಗೆ ಹೋದದ್ದನ್ನು ಅಳಿಸಲಿಕ್ಕೆ ಬರುತ್ತಿರಲಿಲ್ಲ. ಬೆಂಕಿ ಬಿದ್ದಾಗ ಕೂಗಿಕೊಳ್ಳಲೆಂದು ಯಾವುದೋ ಕಾರ್ಖಾನೆಗಾಗಿ ಮಾಡಿದ ಯಂತ್ರ ಅದು. ಕೂಗುವ ಅವಕಾಶ ಸಿಗುವ ಮೊದಲೇ ಕಾರ್ಖಾನೆ ಮುಚ್ಚಿಹೋಗಿ, ಯಂತ್ರ ಕೈಯಿಂದ ಕೈಗೆ ದಾಟುತ್ತ ಡಿಪೋ ಮ್ಯಾನೇಜರರ ಮೇಜಿನ ಮೇಲೆ ಬಂದು ಕೂತಿತ್ತು.

ಮ್ಯಾನೇಜರ್ ಒಳ್ಳೆಯ ಮನುಷ್ಯ. ಕೈಕೆಳಗಿನವರು ನಗುನಗುತ್ತ ಕೆಲಸ ಮಾಡಬೇಕೆಂಬುದು ಅವರ ಆಸೆ. ಅದಕ್ಕಾಗಿ ಯಾರನ್ನು ಬೇಕಾದರೂ ಗೋಳು ಹೊಯ್ದುಕೊಳ್ಳಲು ಅವರು ಸಿದ್ಧರಿದ್ದರು. ಬೆಳಗಿನ ಮೊದಲ ಬಸ್ಸು ಗೇಟು ದಾಟುವ ಹೊತ್ತಿಗೆ ಡಿಪೋದ ತುಂಬ ಒಂದು ಹಾಡು ಮೊಳಗಬೇಕು ಎಂದು ಅವರು ತೀರ್ಮಾನಿಸಿದರು. ಹಾಡು ಒಂದೇ, ಅದನ್ನು ಎಲ್ಲರೂ ನಿವೃತ್ತರಾಗುವ ತನಕ ದಿನಾ ಕೇಳಬೇಕು. ಆದ್ದರಿಂದ ಅಂತಿಂಥ ಹಾಡಾದರೆ ಸಾಲದು, ಈವರೆಗೆ ಹುಟ್ಟಿದ ಹಾಡುಗಳಲ್ಲೆಲ್ಲ ಶ್ರೇಷ್ಠವಾದದ್ದೇ ಆಗಬೇಕು. ಅದು ಯಾವುದೆಂದು ಸಿಬ್ಬಂದಿಯೇ ಕೂತು ಚರ್ಚಿಸಿ ಒಮ್ಮತದಿಂದ ತಿಳಿಸಬೇಕು.

ಒಮ್ಮತ ಎಂಬ ಆ ಒಂದು ಪದವನ್ನು ಅವರು ಬಳಸದಿದ್ದರೆ ಡಿಪೋ ಈಗಲೂ ಸುಖವಾಗಿರುತ್ತಿತ್ತು.

ಚರ್ಚೆ ಕ್ಯಾಂಟೀನಿನ ಟೀ ಲೋಟದ ಸುತ್ತ ಶುರುವಾಗಿ ವರ್ಕ್‌ಶಾಪಿನ ಮೂಲೆಮೂಲೆಗೂ ಹಬ್ಬಿತು. ಮೆಕ್ಯಾನಿಕ್ ಹೇಳುವ ಪ್ರಕಾರ ಹಾಡು ಕಿವಿಗೆ ಬಿದ್ದೊಡನೆ ಕಾಲು ತಾನಾಗಿ ತಾಳ ಹಾಕಬೇಕು, ಹಾಕದಿದ್ದರೆ ಅದು ಹಾಡಲ್ಲ, ವಾರ್ತೆ. ಪೇಂಟರ್ ಹೇಳುವ ಪ್ರಕಾರ ಕಣ್ಣಲ್ಲಿ ನೀರು ಬರಬೇಕು. ಕಾಲು ಕುಣಿಸುವುದಕ್ಕೆ ಸೊಳ್ಳೆ ಸಾಕು. ಈ ಸೊಳ್ಳೆಯ ಮೇಲೆ ಇಬ್ಬರ ನಡುವೆ ಮಾತು ನಿಂತುಹೋಯಿತು. ಗೋಡೆಗೆ ಒತ್ತಿ ನಿಂತಿದ್ದ ಒಂದು ಬಸ್ಸನ್ನು ಸ್ವಲ್ಪ ಈಚೆಗೆ ತೆಗಿ ಎಂದು ಕೇಳಲು ಪೇಂಟರ್‌ಗೆ ಸ್ವಾಭಿಮಾನ ಅಡ್ಡ ಬಂತು, ಕೇಳದೆ ತೆಗೆಯಲು ಮೆಕ್ಯಾನಿಕ್‌ಗೂ ಅದೇ ಅಡ್ಡ ಬಂತು. ಹೀಗಾಗಿ ಆ ಬಸ್ಸು ಒಂದೇ ಮಗ್ಗುಲಿಗೆ ಬಣ್ಣ ಬಳಿಸಿಕೊಂಡು ರಸ್ತೆಗಿಳಿಯಿತು. ಹೋಗುವಾಗ ಹೊಸದು, ಬರುವಾಗ ಹಳೆಯದು. ಪ್ರಯಾಣಿಕರು ಅದನ್ನು ಎರಡು ಬಸ್ಸೆಂದೇ ತಿಳಿದರು.

ಹಾರ್ನಿನಲ್ಲಿ ಬಾರಿಸಲು ಬಾರದ ಹಾಡಿಗೆ ತಾವು ಒಪ್ಪುವುದಿಲ್ಲವೆಂದು ಡ್ರೈವರುಗಳು ಮೊದಲೇ ಹೇಳಿಬಿಟ್ಟಿದ್ದರು. ಟಿಕೆಟ್ ವಿಭಾಗದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದರು. ಮದುವೆಗೆ ಮುಂಚೆ ಜೊತೆಯಾಗಿ ಕೇಳಿದ ಹಾಡೇ ಶ್ರೇಷ್ಠವೆಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ಆದರೆ ಅದು ಯಾವ ಹಾಡೆಂದು ಕೇಳಿದಾಗ ಇಬ್ಬರೂ ಬೇರೆಬೇರೆ ಹಾಡು ಹೇಳಿ, ಹಾಗಾದರೆ ಅವತ್ತು ನಿಮ್ಮ ಪಕ್ಕದಲ್ಲಿ ಕೂತಿದ್ದವಳು ಯಾರು ಎಂಬಲ್ಲಿಗೆ ಚರ್ಚೆ ಮುಟ್ಟಿತು.

ಈ ಗದ್ದಲದಲ್ಲಿ ಬಾಯಿ ಬಿಡದಿದ್ದವನು ಸೀಟಿನ ಮೇಸ್ತ್ರಿ ಒಬ್ಬನೇ. ಹರಿದ ಸೀಟುಗಳಿಗೆ ಹೊಸ ರೆಕ್ಸಿನ್ ಹೊದಿಸಿ ಡೊಂಕು ಸೂಜಿಯಿಂದ ಹೊಲಿಯುವುದು ಅವನ ಕೆಲಸ. ಸುತ್ತಲೂ ಬಸ್ಸಿನಿಂದ ಕಿತ್ತು ತಂದ ಸೀಟುಗಳು ಎತ್ತೆತ್ತಲೋ ಮುಖ ಮಾಡಿ ಬಿದ್ದಿರುತ್ತಿದ್ದವು, ನಡುವೆ ಇವನು, ಎಲ್ಲ ಪ್ರಯಾಣಿಕರೂ ಇಳಿದುಹೋದ ಬಸ್ಸಿನಲ್ಲಿ ಮಲಗಿಬಿಟ್ಟವನ ಹಾಗೆ. ಅಭಿಪ್ರಾಯ ಎಂಬ ಪದಾರ್ಥ ಅವನ ಹತ್ತಿರ ಇದ್ದದ್ದನ್ನು ಯಾರೂ ಕಂಡಿರಲಿಲ್ಲ. ಏನು ಕೇಳಿದರೂ ಇರಬಹುದು ಎನ್ನುತ್ತಿದ್ದ. ಬಿಸಿಲು ಜಾಸ್ತಿ ಅಲ್ವಾ ಮೇಸ್ತ್ರಿ ಎಂದರೆ ಇರಬಹುದು. ಟೀ ಚೆನ್ನಾಗಿದೆಯಾ ಎಂದರೆ, ಲೋಟ ಖಾಲಿ ಮಾಡಿದ ಮೇಲೂ, ಇರಬಹುದು. ಹೋದ ವರ್ಷ ಹೆಂಡತಿ ತೀರಿಕೊಂಡಾಗ ಇಡೀ ಡಿಪೋ ಮನೆಗೆ ಹೋಗಿ, ದೇವರು ಒಳ್ಳೆಯವರನ್ನೇ ಬೇಗ ಕರೆದುಕೊಳ್ಳುತ್ತಾನೆ ಎಂದು ಸಮಾಧಾನ ಹೇಳಿತ್ತು. ಅದಕ್ಕೂ ಅವನು ಅಷ್ಟೇ ಹೇಳಿದ್ದ. ಆಮೇಲೆ ಆ ಒಂದು ಮಾತೂ ಕಡಿಮೆಯಾಗುತ್ತ ಬಂದಿತ್ತು.

ಆದ್ದರಿಂದ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೆಕ್ಯಾನಿಕ್ ಮತ್ತು ಪೇಂಟರ್ ಬೇರೆಬೇರೆ ಗೋಡೆಗಳನ್ನು ನೋಡುತ್ತ ಜಗಳವಾಡುತ್ತಿದ್ದಾಗ, ಮೂಲೆಯಿಂದ "ಇವ್ಯಾವೂ ಅಲ್ಲ" ಎಂಬ ಮಾತು ಕೇಳಿದ್ದೇ ಎಲ್ಲರೂ ತಿರುಗಿ ನೋಡಿದರು. ಮೇಸ್ತ್ರಿ ಬ್ರೆಡ್ಡಿನ ಅಂಚು ಕೀಳುತ್ತಿದ್ದ.

"ಏನಂದ್ರಿ?" ಎಂದ ಪೇಂಟರ್.

"ಇವ್ಯಾವೂ ಅಲ್ಲ ಅಂದೆ. ಎಲ್ಲಕ್ಕಿಂತ ಒಳ್ಳೇ ಹಾಡು ಬೇರೆ ಇದೆ."

ಮೂಕನೊಬ್ಬ ಮಾತಾಡಿದರೆ ಜನ ಆ ಮಾತಿನ ಅರ್ಥಕ್ಕಿಂತ ಅದರ ಸದ್ದಿಗೇ ಬೆರಗಾಗುತ್ತಾರೆ. ಡಿಪೋ ಒಂದು ಗಳಿಗೆ ಬೆರಗಾಗಿ, ಆಮೇಲೆ ಪಾಟೀಸವಾಲಿಗೆ ಇಳಿಯಿತು. ಯಾರು ಹಾಡಿದ್ದು ಎಂದರೆ ಯಾರೂ ಹಾಡಿಲ್ಲ ಎಂದ. ಯಾವ ಸಿನಿಮಾ ಎಂದರೆ ಸಿನಿಮಾದ್ದಲ್ಲ ಎಂದ. ಪದಗಳಾದರೂ ಇವೆಯೋ ಎಂದರೆ ಇವೆ, ಎರಡೇ ಸಾಲು, ಅವೂ ನಡುನಡುವೆ ಬರುತ್ತವೆ ಎಂದ. ಮುಗಿಯುವುದು ಹೇಗೆ ಎಂದು ಕೇಳಿದಾಗ ಮಾತ್ರ ಸ್ವಲ್ಪ ಯೋಚಿಸಿದ.

"ಕೊನೆ ಕೇಳಿಲ್ಲ."

"ಕೊನೇನೇ ಕೇಳದೆ ಅದೇ ಒಳ್ಳೇದು ಅಂತ ಹೇಗೆ ಹೇಳ್ತೀರಿ?" ಎಂದ ಮೆಕ್ಯಾನಿಕ್.

"ಕೇಳ್ತಾ ಇದ್ರೆ ಕೊನೆ ಬರೋದೇ ಬೇಡ ಅನ್ಸುತ್ತೆ. ಅದಕ್ಕೇ."

ಹಾಡಿ ತೋರಿಸಿ ಎಂದು ಒತ್ತಾಯಿಸಿದರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಗುನುಗಿದ. ಮೆಕ್ಯಾನಿಕ್‌ಗೆ ಅದು ಬ್ರೇಕು ಸವೆದ ಬಸ್ಸಿನ ಹಾಗೆ ಕೇಳಿಸಿತು. ಪೇಂಟರ್ ಮಾತ್ರ ಅದು ತಾನು ಮೊದಲಿನಿಂದ ಹೇಳುತ್ತಿದ್ದ ಹಾಡೇ ಎಂದು ಸಾಧಿಸತೊಡಗಿದ. ಜಗಳ ಮತ್ತೆ ಏಳುವುದರಲ್ಲಿತ್ತು. ಆಗ ಮೇಸ್ತ್ರಿ ಜೇಬಿನಿಂದ ಫೋನು ತೆಗೆದು, ಅದರ ಕಡೆ ನೋಡದೆಯೇ ಒಂದು ನಂಬರು ಒತ್ತಿ, ಸ್ಪೀಕರ್ ಹಾಕಿ ಟೀ ಲೋಟಗಳ ನಡುವೆ ಇಟ್ಟ.

ಹಾಡು ಬಂತು. ಯಾವ ವಾದ್ಯವೆಂದು ಹೇಳುವುದು ಕಷ್ಟ. ತಗಡಿನ ಡಬ್ಬಿಯೊಳಗೆ ಯಾರೋ ಸಣ್ಣ ಗಂಟೆ ಬಾರಿಸಿದಂತೆ, ಹಿಂದೆ ಇನ್ಯಾರೋ ತಮ್ಮಷ್ಟಕ್ಕೆ ಸಿಳ್ಳೆ ಹಾಕಿದಂತೆ. ರಾಗ ಮೂರು ಮೆಟ್ಟಿಲು ಹತ್ತುತ್ತಿತ್ತು, ನಾಲ್ಕನೆಯದಕ್ಕೆ ಕಾಲೆತ್ತುತ್ತಿತ್ತು, ಏನೋ ಮರೆತು ಬಂದವರ ಹಾಗೆ ಅಲ್ಲೇ ನಿಂತು, ನಿಧಾನವಾಗಿ ಇಳಿದುಬರುತ್ತಿತ್ತು. ಆಮೇಲೆ ಮತ್ತೆ ಹತ್ತುತ್ತಿತ್ತು. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಷ್ಟರಲ್ಲಿ ಒಬ್ಬ ಹೆಂಗಸಿನ ದನಿ ಆ ಎರಡು ಸಾಲು ಹೇಳಿತು.

"ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಲೈನಿನಲ್ಲೇ ಇರಿ."

ಮತ್ತೆ ಗಂಟೆ, ಸಿಳ್ಳೆ, ಮೂರು ಮೆಟ್ಟಿಲು. ಎಷ್ಟೋ ಹೊತ್ತಿನ ಮೇಲೆ ಕಟಕ್ಕೆಂದು ಸದ್ದಾಗಿ, "ನಮಸ್ಕಾರ, ದೊಡ್ಡಾಸ್ಪತ್ರೆ ವಿಚಾರಣೆ" ಎಂಬ ಇನ್ನೊಂದು ದನಿ ಬಂತು. ಮೇಸ್ತ್ರಿ ಚಟ್ಟನೆ ಫೋನು ಆರಿಸಿಬಿಟ್ಟ.

ಪೇಂಟರ್‌ನ ಕಣ್ಣಲ್ಲಿ ನೀರಿತ್ತು. ಮೆಕ್ಯಾನಿಕ್‌ನ ಕಾಲು ಮೇಜಿನ ಕೆಳಗೆ ತಾಳ ಹಾಕುತ್ತಿದ್ದದ್ದನ್ನು ಪಕ್ಕದಲ್ಲಿದ್ದವರು ಕಂಡಿದ್ದರು. ಎರಡೂ ಪಕ್ಷದ ಶಾಸ್ತ್ರದ ಪ್ರಕಾರ ತೀರ್ಪು ಅಲ್ಲೇ ಆಗಿಹೋಗಿತ್ತು. ಆದರೆ ಯಾರ ತಲೆಯಲ್ಲೂ ಹಾಡಿರಲಿಲ್ಲ. ದೊಡ್ಡಾಸ್ಪತ್ರೆಯ ನಂಬರು ಈ ಮನುಷ್ಯನಿಗೆ ಕಣ್ಣು ಮುಚ್ಚಿದರೂ ಬರುತ್ತದೆ. ಹೆಂಡತಿಗೆ ಬಂದದ್ದೇ ಇವನಿಗೂ ಬಂದಿದೆ, ಪಾಪ, ಯಾರಿಗೂ ಹೇಳದೆ ನುಂಗಿಕೊಂಡಿದ್ದಾನೆ. ಮೆಕ್ಯಾನಿಕ್ ತನ್ನ ತಟ್ಟೆಯ ಬಿಸ್ಕತ್ತನ್ನು ಮೆಲ್ಲಗೆ ಮೇಸ್ತ್ರಿಯ ಕಡೆ ಸರಿಸಿದ. ಪೇಂಟರ್ ಅದನ್ನು ನೋಡಿ, ವೈರ ಮರೆತು, ತನ್ನದನ್ನೂ ಸರಿಸಿದ.

ಮೇಸ್ತ್ರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಡಿಪೋಗೆ ಗೊತ್ತಿಲ್ಲದ್ದನ್ನು ಓದುವವರಿಂದಲೂ ಮುಚ್ಚಿಡುವುದು ನ್ಯಾಯವಲ್ಲವಾದ್ದರಿಂದ ಇಲ್ಲೇ ಹೇಳಿಬಿಡಬೇಕು. ಹೆಂಡತಿ ಮಲಗಿದ್ದ ವಾರ್ಡಿನೊಳಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಅವನ ಅಕ್ಕ ಒಳಗೆ ಜೊತೆಗಿದ್ದಳು, ಅವಳ ಫೋನನ್ನು ಬಾಗಿಲಲ್ಲೇ ಇಸಿದುಕೊಂಡು ಇಟ್ಟುಕೊಂಡಿದ್ದರು. ಮೇಸ್ತ್ರಿಗೆ ಉಳಿದದ್ದು ವಿಚಾರಣೆಯ ನಂಬರು. ಸೀಟುಗಳ ನಡುವೆ ಕೂತು, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹೊಲಿಯುತ್ತ, ಆ ಹಾಡು ಕೇಳುತ್ತಿದ್ದ. ಒಂದು ಬೆಳಗ್ಗೆ ಹಾಗೆ ಕೇಳುತ್ತಿರುವಾಗಲೇ ಅಕ್ಕ ಡಿಪೋದ ಬಾಗಿಲಲ್ಲಿ ಬಂದು ನಿಂತಳು. ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು. ಆದರೂ ಅವನು ಫೋನು ಇಡಲಿಲ್ಲ. ಆ ಕಡೆಯಿಂದ ಇನ್ನೂ ಯಾರೂ ಏನೂ ಹೇಳಿರಲಿಲ್ಲ, ಹಾಡು ಮೂರನೇ ಮೆಟ್ಟಿಲ ಮೇಲಿತ್ತು.

ಅಂದಿನಿಂದ ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟೊಡನೆ ಆ ನಂಬರು ಒತ್ತುತ್ತಾನೆ. ಕೇಳುತ್ತಾನೆ. ಆ ಕಡೆ ಯಾರಾದರೂ ನಮಸ್ಕಾರ ಎಂದೊಡನೆ ಇಟ್ಟುಬಿಡುತ್ತಾನೆ.

ಬಿಸ್ಕತ್ತು ಸರಿಸಿದ ಸುದ್ದಿ ಮ್ಯಾನೇಜರ್‌ಗೆ ಮುಟ್ಟುವಾಗ ಬಹಳ ಬೆಳೆದಿತ್ತು. ಮ್ಯಾನೇಜರ್ ಅದಕ್ಕೆ ತಮ್ಮ ಕನಿಕರವನ್ನೂ ಸೇರಿಸಿ ಅಕ್ಕನಿಗೆ ಫೋನು ಮಾಡಿದರು. ಅಕ್ಕ ಅತ್ತುಕೊಂಡು ಭಾವನಿಗೆ ಹೇಳಿದಳು. ಭಾವ ಅಳದೆ ಊರಿಗೆಲ್ಲ ಹೇಳಿದ. ಮುಂದಿನ ಭಾನುವಾರ ಮೇಸ್ತ್ರಿ ಬನಿಯನ್ನು ಒಗೆದು ಹರವುತ್ತಿದ್ದಾಗ ಅವನನ್ನು ನೋಡಿಕೊಂಡು ಹೋಗಲು ಜನ ಬರತೊಡಗಿದರು. ಪ್ರತಿಯೊಬ್ಬರೂ ಕಿತ್ತಳೆ ಹಣ್ಣು ತಂದರು. ಮಂಚದ ಮೇಲೆ ಕಿತ್ತಳೆ ತುಂಬಿ, ರೋಗಿ ನಿಂತುಕೊಂಡೇ ಇರಬೇಕಾಯಿತು.

ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರರು ಮೆಟ್ಟಿಲಿಳಿದು ಬಂದು, ಕಾಯಿಲೆಯವನು ಹೀಗೆ ಒಗೆದು ಹರವಿಕೊಂಡು ಓಡಾಡುವುದು ಬಂದವರಿಗೆ ಅಗೌರವ ಎಂದು ತಿಳಿಹೇಳಿದರು. ಭಾವ ಅವನ ಬೆನ್ನು ತಟ್ಟಿ ಧೈರ್ಯವಾಗಿರು ಎಂದ. ಹಾಗೆನ್ನುತ್ತಲೇ ಇನ್ನೊಂದು ಕೈಯಲ್ಲಿ ಕೋಣೆಯ ಉದ್ದಗಲವನ್ನು ಗೇಣಿನಿಂದ ಅಳೆಯುತ್ತಿದ್ದ. ಅವನ ತಮ್ಮ ಬಾಡಿಗೆ ಮನೆ ಹುಡುಕುತ್ತಿದ್ದ ಸಂಗತಿ ಎಲ್ಲರಿಗೂ ಗೊತ್ತಿದ್ದದ್ದೇ. ಮೇಸ್ತ್ರಿ ಒಬ್ಬೊಬ್ಬರಿಗೂ ತನಗೇನೂ ಆಗಿಲ್ಲವೆಂದು ಹೇಳುತ್ತಿದ್ದ. ಅವನು ಹಾಗೆ ಹೇಳಿದಷ್ಟೂ ಕೇಳಿದವರು ಸೆರಗನ್ನೋ ಕರವಸ್ತ್ರವನ್ನೋ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಇತ್ತ ದೊಡ್ಡಾಸ್ಪತ್ರೆಯಲ್ಲೂ ಒಂದು ತಿಳುವಳಿಕೆ ಬೆಳೆದಿತ್ತು. ಒಂದೇ ನಂಬರಿನಿಂದ ದಿನಾ ಸಂಜೆ ಕರೆ ಬರುತ್ತದೆ. ಕರೆ ಮಾಡಿದವರು ಎಷ್ಟು ಹೊತ್ತಾದರೂ ತಾಳ್ಮೆಯಿಂದ ಕಾಯುತ್ತಾರೆ. ಎತ್ತಿದರೆ ಮಾತಾಡದೆ ಇಟ್ಟುಬಿಡುತ್ತಾರೆ. ಕೂಗಾಡುವವರಿಗೆ ಆಸ್ಪತ್ರೆ ಹೆದರುತ್ತಿರಲಿಲ್ಲ. ಇಂಥ ಮೌನಕ್ಕೆ ಹೆದರಿತು. ಇವರು ಪತ್ರಿಕೆಯವರಿರಬೇಕು, ಇಲ್ಲವೇ ಮೇಲಿನಿಂದ ಪರೀಕ್ಷೆಗೆ ಬಂದವರು, ಎಷ್ಟು ಕಾಯಿಸುತ್ತೇವೆಂದು ಗಡಿಯಾರ ಹಿಡಿದು ಕೂತಿದ್ದಾರೆ ಎಂದು ಕುಂದುಕೊರತೆ ಅಧಿಕಾರಿ ಲೆಕ್ಕ ಹಾಕಿದರು. ವಿಳಾಸ ಹುಡುಕಿಸಿದರು. ಕಪ್ಪು ಚೀಲ ಹಿಡಿದು, ಹೊಳೆಯುವ ಬೂಟು ಹಾಕಿಕೊಂಡು, ಅದೇ ಭಾನುವಾರ ಅದೇ ಬಾಗಿಲಿಗೆ ಬಂದರು.

"ದೊಡ್ಡಾಸ್ಪತ್ರೆಯಿಂದ ಬಂದಿದ್ದೀನಿ" ಎಂದರು.

ರೋಗಿ ಆಸ್ಪತ್ರೆಗೆ ಹೋಗುವುದನ್ನು ಎಲ್ಲರೂ ನೋಡಿದ್ದರು. ಆಸ್ಪತ್ರೆಯೇ ರೋಗಿಯ ಮನೆಗೆ ಬರಬೇಕಾದರೆ ಇನ್ನೇನು ಉಳಿದಿದೆ? ಅಕ್ಕ ಗೋಡೆಗೆ ಒರಗಿ ಜೋರಾಗಿ ಅಳತೊಡಗಿದಳು. ಆ ಅಳು ಕೇಳಿ ಅಧಿಕಾರಿಗೆ ಎಲ್ಲ ಹೊಳೆಯಿತು: ಫೋನಿನಲ್ಲಿ ಕಾಯುತ್ತ ಕಾಯುತ್ತಲೇ ಈ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ. ಅವರು ಕಿತ್ತಳೆಗಳ ಮುಂದೆ ಕೈ ಮುಗಿದು ನಿಂತು, ನಮ್ಮಿಂದ ದೊಡ್ಡ ತಪ್ಪಾಗಿದೆ ಎಂದರು.

ಮ್ಯಾನೇಜರ್ ಮುಂದೆ ಬಂದರು. ಇಂಥ ಸಮಯದಲ್ಲಿ ಗಟ್ಟಿಯಾಗಿರಬೇಕಾದವರು ತಾವೇ ಎಂದು ಅವರು ಆಗಲೇ ತೀರ್ಮಾನಿಸಿದ್ದರು. ಅಧಿಕಾರಿಯ ಕಿವಿಯಲ್ಲಿ, "ಮುಚ್ಚುಮರೆ ಬೇಡ ಸಾರ್. ಎಷ್ಟು ಸಮಯ ಇದೆ?" ಎಂದು ಕೇಳಿದರು.

"ನಾಳೆ ಬೆಳಗ್ಗೆ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ" ಎಂದರು ಅಧಿಕಾರಿ, ಫೋನಿನ ವ್ಯವಸ್ಥೆ ಬದಲಾಯಿಸುವ ಬಗ್ಗೆ.

ಮ್ಯಾನೇಜರ್ ಹೆಡ್‌ಮಾಸ್ತರರ ಭುಜ ಹಿಡಿದುಕೊಂಡರು. ಭಾವ ಗೇಣು ಹಾಕುವುದನ್ನು ನಿಲ್ಲಿಸಿದ. ನಾಳೆಯೇ ಎಂದರೆ ಅವನಿಗೂ ಸ್ವಲ್ಪ ಅವಸರವೆನ್ನಿಸಿತು.

ಇಷ್ಟರಲ್ಲಿ ಮೇಸ್ತ್ರಿ ಅಧಿಕಾರಿಯ ಹತ್ತಿರ ಬಂದು, ತನ್ನದೇನೂ ದೂರಿಲ್ಲವೆಂದೂ ಹಾಡು ಚೆನ್ನಾಗಿದೆ, ಅದನ್ನು ಕೇಳಲು ಫೋನು ಮಾಡುತ್ತೇನೆಂದೂ ಹೇಳಿದ. ಯಾವ ಹಾಡು ಎಂದರು ಅಧಿಕಾರಿ. ನಿಮ್ಮದೇ, ಕಾಯುವಾಗ ಬರುವುದು ಎಂದ ಮೇಸ್ತ್ರಿ. ತಮ್ಮ ಆಸ್ಪತ್ರೆಯಲ್ಲಿ ಯಾವ ಹಾಡೂ ಇಲ್ಲವೆಂದರು ಅಧಿಕಾರಿ, ಮತ್ತು ಅವರು ಸುಳ್ಳು ಹೇಳುತ್ತಿರಲಿಲ್ಲ. ಆಸ್ಪತ್ರೆಯವರು ಯಾರೂ ಆಸ್ಪತ್ರೆಗೆ ಫೋನು ಮಾಡಿ ಕಾದವರಲ್ಲ. ಈವರೆಗೆ ಹುಟ್ಟಿದ ಹಾಡುಗಳಲ್ಲೆಲ್ಲ ಶ್ರೇಷ್ಠವಾದ ಆ ಹಾಡನ್ನು ಅದರ ಒಡೆಯರು ಮಾತ್ರ ಕೇಳಿರಲಿಲ್ಲ.

"ನಿಮ್ಮ ವ್ಯಂಗ್ಯ ನನಗೆ ಅರ್ಥ ಆಗುತ್ತೆ" ಎಂದು ಅಧಿಕಾರಿ ತಲೆ ತಗ್ಗಿಸಿದರು. "ನಾಳೆಯಿಂದ ನೀವು ಕಾಯಬೇಕಾಗಿಲ್ಲ. ಮೊದಲನೇ ರಿಂಗಿಗೇ ಎತ್ತುತ್ತಾರೆ. ಇದು ನನ್ನ ಮಾತು."

ಮೇಸ್ತ್ರಿಯ ಮುಖ ಬಿಳಿಚಿತು. ರೋಗಿಯ ಮುಖ ಹೇಗಿರಬೇಕೆಂದು ಬಂದವರು ಬಯಸಿದ್ದರೋ ಈಗ ಸರಿಯಾಗಿ ಹಾಗೆ ಕಂಡಿತು.

"ಬೇಡ ಸಾರ್" ಎಂದ. "ಕಾಯಿಸಿ. ನಾನು ಕಾಯ್ತೀನಿ."

ಆಸ್ಪತ್ರೆ ಕಟ್ಟಿದಂದಿನಿಂದ ಯಾರೂ ಇಂಥ ಅರ್ಜಿ ಹಾಕಿರಲಿಲ್ಲ. ಅಧಿಕಾರಿಯ ಕಣ್ಣು ಒದ್ದೆಯಾಯಿತು. ಜನರನ್ನು ಎಂಥ ಸ್ಥಿತಿಗೆ ತಂದುಬಿಟ್ಟಿದ್ದೇವೆ ಎಂದು ಗೊಣಗುತ್ತ, ಮೊದಲ ರಿಂಗಿಗೆ ಎತ್ತಿಸಿಯೇ ತೀರುವುದೆಂದು ಇನ್ನಷ್ಟು ಗಟ್ಟಿಮನಸ್ಸು ಮಾಡಿಕೊಂಡು ಅವರು ಹೊರಟುಹೋದರು.

ಮ್ಯಾನೇಜರ್ ಬಾಗಿಲಲ್ಲಿ ನಿಂತು, ನಾಳೆ ಬೆಳಗಿನ ಮೊದಲ ಬಸ್ಸಿಗೆ ಮುಂಚೆಯೇ ಮೇಸ್ತ್ರಿಯ ಹಾಡನ್ನು ಪೆಟ್ಟಿಗೆಗೆ ತುಂಬಿಸುವುದಾಗಿ ಸಾರಿದರು. ಒಮ್ಮತ ಆಗಿದೆ ಎಂದೂ ಹೇಳಿದರು. ಯಾರೂ ಎದುರಾಡಲಿಲ್ಲ, ಸಾಯುವವನ ಹಾಡಿನ ಎದುರು ತಮ್ಮದನ್ನು ನಿಲ್ಲಿಸುವಷ್ಟು ಕಲ್ಲೆದೆ ಪೇಂಟರ್‌ಗೂ ಇರಲಿಲ್ಲ. ಈಗಲೇ ತುಂಬಿಸೋಣ ಸಾರ್ ಎಂದ ಮೇಸ್ತ್ರಿ. ಆದರೆ ಅಂದು ರಜೆ, ವಿಚಾರಣೆಯ ಫೋನಿಗೂ ರಜೆ. ಒತ್ತಿ ನೋಡಿದರೆ ಬರಿಯ ರಿಂಗು ಹೊಡೆದುಕೊಳ್ಳುತ್ತಿತ್ತು.

ಎಲ್ಲರೂ ಹೋದ ಮೇಲೆ ಅಕ್ಕ ಒಬ್ಬಳು ಉಳಿದಳು. ಮಂಚದ ಮೇಲೆ ಕಿತ್ತಳೆಗಳನ್ನು ಸರಿಸಿ ಜಾಗ ಮಾಡಿಕೊಂಡು ಕೂತು, ಒಂದನ್ನು ಸುಲಿಯತೊಡಗಿದಳು.

"ದಿನಾ ಮಾಡ್ತೀಯ?"

"ಹ್ಞೂಂ."

"ಎತ್ತಿದ್ರೆ ಏನು ಹೇಳ್ತೀಯ?"

"ಇಟ್ಬಿಡ್ತೀನಿ."

ಅವಳು ತೊಳೆ ಬಿಡಿಸಿ ಅವನ ಅಂಗೈಗೆ ಹಾಕಿದಳು. "ಅವತ್ತು ಬಾಗಿಲಲ್ಲಿ ನನ್ನ ಫೋನು ವಾಪಸ್ ಈಸ್ಕೊಂಡು ನಿನಗೆ ಎಷ್ಟು ಸಲ ಮಾಡಿದೆ ಗೊತ್ತಾ. ಬರೀ ಎಂಗೇಜು. ಯಾರ ಹತ್ರ ಇಷ್ಟೊಂದು ಮಾತಾಡ್ತಿದ್ದಾನೆ ಇವನು ಅಂತ ಬೈಕೊಂಡು ಬಂದೆ."

ತೊಳೆ ಹುಳಿ ಇತ್ತು. ಇಬ್ಬರೂ ಮುಖ ಸಿಂಡರಿಸಿಕೊಂಡು ತಿಂದರು.

ಬೆಳಗ್ಗೆ ಇಡೀ ಡಿಪೋ ಅಂಗಳದಲ್ಲಿ ಸೇರಿತು. ಡ್ರೈವರುಗಳು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮೇಸ್ತ್ರಿ ತನ್ನ ಕಾಲ ಮೇಲೆ ನಡೆದು ಬಂದದ್ದನ್ನು ಕಂಡು ಕೆಲವರು ಅದನ್ನು ಮನೋಬಲ ಎಂದರು. ಮ್ಯಾನೇಜರ್ ಸಂಗೀತದ ಬಗ್ಗೆಯೂ ಜೀವನದ ಬಗ್ಗೆಯೂ ನಾಲ್ಕು ಮಾತಾಡಿದರು. ಅಷ್ಟು ಮಾತು ಮುಗಿಯುವ ತನಕ ಮೇಸ್ತ್ರಿ ಅಂಗಳದ ಗಡಿಯಾರವನ್ನೇ ನೋಡುತ್ತಿದ್ದ. ಆಸ್ಪತ್ರೆಯವರು ಇನ್ನೂ ಬದಲಾಯಿಸಿರಲಿಕ್ಕಿಲ್ಲ, ಸರ್ಕಾರಿ ಮಾತು, ಮಧ್ಯಾಹ್ನವಾದರೂ ಆದೀತು ಎಂದು ಮೆಕ್ಯಾನಿಕ್ ಪಿಸುಗುಟ್ಟಿದ. ಕೊಟ್ಟ ಮಾತನ್ನು ಹೇಳಿದ ಹೊತ್ತಿಗೆ ನಡೆಸುವ ಅಧಿಕಾರಿ ಜಗತ್ತಿನಲ್ಲಿ ಒಬ್ಬರೇ ಇರಬಹುದೆಂದೂ ಅವರೇ ನಿನ್ನೆ ಕಿತ್ತಳೆಗಳಿಗೆ ಕೈ ಮುಗಿದು ಹೋದವರೆಂದೂ ಅವನಿಗೆ ಹೇಗೆ ಗೊತ್ತಾಗಬೇಕು?

ಮೇಸ್ತ್ರಿ ನಂಬರು ಒತ್ತಿದ. ಮ್ಯಾನೇಜರ್ ಫೋನನ್ನು ಇಸಿದುಕೊಂಡು ಪೆಟ್ಟಿಗೆಯ ಬಾಯಿಗೆ ಹಿಡಿದು, ಕೆಂಪು ಗುಂಡಿ ಅದುಮಿದರು.

ಒಂದು ರಿಂಗು.

"ನಮಸ್ಕಾರ. ದೊಡ್ಡಾಸ್ಪತ್ರೆ ವಿಚಾರಣೆ. ಹೇಳಿ, ಯಾರ ಬಗ್ಗೆ ಕೇಳಬೇಕಿತ್ತು?"

ಮೇಸ್ತ್ರಿಯ ಕೈ ಅಭ್ಯಾಸಬಲದಿಂದ ಆರಿಸಲು ಹೋಯಿತು. ಆದರೆ ಫೋನು ಮ್ಯಾನೇಜರರ ಮುಷ್ಟಿಯಲ್ಲಿತ್ತು, ಅವರು ಹಾಡು ಈಗ ಬಂದೀತೆಂದು ಇನ್ನಷ್ಟು ಬಿಗಿಯಾಗಿ ಹಿಡಿದಿದ್ದರು.

"ಹಲೋ? ಯಾರ ಬಗ್ಗೆ ಕೇಳಬೇಕಿತ್ತು?"

ಪೆಟ್ಟಿಗೆಯ ದೀಪ ಹಸಿರಾಯಿತು. ಅದರ ಹೊಟ್ಟೆ ತುಂಬಿತ್ತು.

ಮರುದಿನದಿಂದ ಮೊದಲ ಬಸ್ಸು ಗೇಟು ದಾಟುವ ಹೊತ್ತಿಗೆ ಡಿಪೋದ ತುಂಬ ಒಬ್ಬ ಹೆಂಗಸಿನ ದನಿ ಮೊಳಗಿತು. ಮ್ಯಾನೇಜರ್‌ಗೆ ನಿಲ್ಲಿಸುವ ಮನಸ್ಸಾಗಲಿಲ್ಲ. ಒಮ್ಮತದಿಂದ ಆದ ಕೆಲಸ. ಜನ ಯಾವುದಕ್ಕಾದರೂ ಒಗ್ಗಿಕೊಳ್ಳುತ್ತಾರೆ. ಒಬ್ಬ ಡ್ರೈವರ್ ಅದನ್ನು ಹಾರ್ನಿನಲ್ಲಿ ಬಾರಿಸಲು ಕಲಿತ. ಟಿಕೆಟ್ ವಿಭಾಗದ ಹೆಂಡತಿ ಆ ಪ್ರಶ್ನೆ ಬಂದಾಗಲೆಲ್ಲ ಗಂಡನ ಮುಖವನ್ನು ಅರ್ಥಗರ್ಭಿತವಾಗಿ ನೋಡತೊಡಗಿದಳು. ಮೆಕ್ಯಾನಿಕ್ ಮತ್ತು ಪೇಂಟರ್ ಇದು ಹಾಡೋ ಅಲ್ಲವೋ ಎಂದು ಜಗಳವಾಡಿ ಮತ್ತೆ ಮಾತು ಬಿಟ್ಟರು. ಕೇವಲ ಒಂದು ವಿಷಯಕ್ಕೆ ಡಿಪೋ ಒಗ್ಗಲಿಲ್ಲ: ಮೇಸ್ತ್ರಿ ಸಾಯಲಿಲ್ಲ. ಮೊದಮೊದಲು ಇದರಿಂದ ಎಲ್ಲರಿಗೂ ಸಂತೋಷವೇ ಆಯಿತು. ಆಮೇಲೆ ಸ್ವಲ್ಪ ಮುಜುಗರವಾಯಿತು. ಮ್ಯಾನೇಜರ್ ಅವನನ್ನು ಕಂಡಾಗ, ಮಾಡಿದ ಭಾಷಣವನ್ನು ಹಿಂದಕ್ಕೆ ಪಡೆಯಲಾರದವರ ಹಾಗೆ ಮುಖ ತಿರುಗಿಸುತ್ತಿದ್ದರು.

ಮೇಸ್ತ್ರಿ ಹೊಲಿಯುತ್ತಿದ್ದ. ದಿನಾ ಬೆಳಗ್ಗೆ ಆ ದನಿ ಕೇಳಿದಾಗ ಸೂಜಿ ರೆಕ್ಸಿನ್ನಿನಲ್ಲಿ ಅರ್ಧ ಹೋಗಿ ನಿಲ್ಲುತ್ತಿತ್ತು. ಯಾರ ಬಗ್ಗೆ ಕೇಳಬೇಕಿತ್ತು? ಸೀಟುಗಳು ಒಂದೊಂದು ಕಡೆ ಮುಖ ಮಾಡಿಕೊಂಡು ಸುಮ್ಮನಿದ್ದವು. ಹಲೋ? ಸೂಜಿ ಮತ್ತೆ ಮುಂದಕ್ಕೆ ಹೋಗುತ್ತಿತ್ತು. ಸಂಜೆ ಅವನು ಫೋನು ಕೈಗೆತ್ತಿಕೊಂಡು, ನಂಬರು ಒತ್ತದೆ, ಹಾಡನ್ನು ತಾನೇ ಗುನುಗಲು ನೋಡುತ್ತಿದ್ದ. ದಿನ ಕಳೆದಂತೆ ಅದು ಜಾರುತ್ತಿತ್ತು. ಮೂರು ಮೆಟ್ಟಿಲು ಹತ್ತುವುದು ಬರುತ್ತಿತ್ತು. ನಾಲ್ಕನೆಯದಕ್ಕೆ ಕಾಲೆತ್ತಿ ನಿಲ್ಲುವ ಆ ಜಾಗ ಸಿಗುತ್ತಿರಲಿಲ್ಲ. ಒಂದು ದಿನ ಪೇಂಟರ್‌ನ ಹಾಡು ಬಂದು ಅಲ್ಲಿ ಸೇರಿಕೊಂಡಿತು. ಇನ್ನೊಂದು ದಿನ ಹಾರ್ನು.

ಆ ಸಂಜೆ ಅವನು ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತು ನಂಬರು ಒತ್ತಿದ.

"ನಮಸ್ಕಾರ. ದೊಡ್ಡಾಸ್ಪತ್ರೆ ವಿಚಾರಣೆ. ಹೇಳಿ, ಯಾರ ಬಗ್ಗೆ ಕೇಳಬೇಕಿತ್ತು?"

ಅದೇ ದನಿ. ಮೇಸ್ತ್ರಿ ಇಡಲಿಲ್ಲ. ಹೆಂಡತಿಯ ಹೆಸರು ಹೇಳಿದ. ಬಹಳ ದಿನದ ಮೇಲೆ ಹೇಳಿದ್ದರಿಂದ ಅದು ಸರಿಯಾಗಿ ಹೊರಡದೆ, ಇನ್ನೊಮ್ಮೆ ಹೇಳಬೇಕಾಯಿತು. ಯಾವ ವಾರ್ಡು ಎಂದು ಕೇಳಿದಳು. ಹೆಂಗಸರ ವಾರ್ಡು, ಕಿಟಕಿ ಪಕ್ಕದ ಮಂಚ ಎಂದ.

"ನೋಡ್ತೀನಿ ಸಾರ್, ಒಂದು ನಿಮಿಷ."

ಹಾಡು ಬರಲಿಲ್ಲ. ಆ ಕಡೆ ಕುರ್ಚಿ ಕಿರುಗುಟ್ಟಿತು, ಯಾರೋ ಕೆಮ್ಮಿದರು, ಉದ್ದ ಓಣಿಯಲ್ಲಿ ಚಕ್ರದ ಗಾಡಿಯೊಂದು ಹೋಯಿತು. ಇಷ್ಟು ದಿನ ಆ ಹಾಡಿನ ಹಿಂದೆ ಇದ್ದದ್ದು ಇದು. ಮೇಸ್ತ್ರಿಗೆ ಕಾಯುವಾಗ ಏನು ಮಾಡಬೇಕೆಂದು ತೋಚಲಿಲ್ಲ. ಬಾಯಿ ತನ್ನಷ್ಟಕ್ಕೆ ಗುನುಗತೊಡಗಿತು. ಒಂದು ಮೆಟ್ಟಿಲು, ಎರಡು, ಮೂರು. ನಾಲ್ಕನೆಯದಕ್ಕೆ ಕಾಲೆತ್ತಿದ್ದೇ, ಏನೋ ಮರೆತು ಬಂದ ಹಾಗೆ, ಅಲ್ಲಿ ನಿಂತಿತು.

"ಸಾರ್, ನೀವಾ ಹಾಡ್ತಿರೋದು?"

"ಹ್ಞೂಂ."

"ಚೆನ್ನಾಗಿದೆ. ಎಲ್ಲೂ ಕೇಳಿದ ಹಾಗಿಲ್ಲ. ಯಾವುದದು?"

"ನಿಮ್ಮದೇ" ಎಂದ ಮೇಸ್ತ್ರಿ.

ಅವಳಿಗೆ ಅರ್ಥವಾಗಲಿಲ್ಲ. ಸಣ್ಣಗೆ ನಕ್ಕು, ಮತ್ತೆ ಕೆಲಸದ ದನಿಗೆ ಬಂದಳು. "ಆ ಹೆಸರಿನವರು ಇಲ್ಲಿಲ್ಲ ಸಾರ್. ಕಿಟಕಿ ಪಕ್ಕದ ಮಂಚದಲ್ಲಿ ಬೇರೆಯವರಿದ್ದಾರೆ. ವಾಸಿಯಾಗಿ ಮನೆಗೆ ಹೋಗಿರ್ಬೇಕು."

"ಇರಬಹುದು" ಎಂದ ಮೇಸ್ತ್ರಿ.

ಫೋನು ಕಿವಿಯಲ್ಲಿಟ್ಟುಕೊಂಡೇ ಎದ್ದ. ಒಳಕೋಣೆಗೆ ಹೋಗಿ ದೀಪ ಹಾಕಿ ನೋಡಿದ. ಮಡಚಿಟ್ಟ ಹೊದಿಕೆ, ಗೂಟಕ್ಕೆ ನೇತುಹಾಕಿದ್ದ ಚೀಲ, ಒಣಗಿಹೋದ ಒಂದೆರಡು ಕಿತ್ತಳೆ. ಅಡುಗೆಮನೆಯ ಬಾಗಿಲಿಗೂ ಹೋಗಿ ಇಣುಕಿ ಬಂದ.

"ಇಲ್ಲಮ್ಮ" ಎಂದ. "ಇಲ್ಲಿಗೂ ಬಂದಿಲ್ಲ."

ಆ ಕಡೆ ಪುಟಗಳು ಹಿಂದಕ್ಕೆ ಮಗುಚಿದ ಸದ್ದಾಯಿತು.

"ಹಾಗಾದ್ರೆ ಇನ್ನೊಂದ್ಸಲ ನೋಡ್ತೀನಿ ಸಾರ್" ಎಂದಳು ಅವಳು. ಈಗ ದನಿ ಸ್ವಲ್ಪ ಮೆತ್ತಗಾಗಿತ್ತು. "ಹೊತ್ತಾಗುತ್ತೆ. ಲೈನಿನಲ್ಲಿರ್ತೀರಾ?"

"ಇರ್ತೀನಿ. ನಿಧಾನವಾಗಿ ನೋಡಮ್ಮ" ಎಂದು ಮೇಸ್ತ್ರಿ ಗೋಡೆಗೆ ಒರಗಿ ಕೂತು, ಮೊದಲನೇ ಮೆಟ್ಟಿಲಿನಿಂದ ಮತ್ತೆ ಶುರುಮಾಡಿದ.